ಕಾಲು ತೆಗೆದರೂ ವೇಗ ಇಳಿಯದ ಕಾರು: ದೋಷವನ್ನು ಪತ್ತೆ ಹಚ್ಚುವ ಕ್ರಮ

ತರಕಾರಿ, ಹಾಲಿನ ಕ್ಯಾನು, ಗೊಬ್ಬರದ ಚೀಲ, ಸಂತೆಗೆ ಹೊರಟ ಮನೆಮಂದಿ ಎಲ್ಲವನ್ನೂ ಹೊತ್ತು ತಿರುಗುವ ಮಾರುತಿ ಓಮ್ನಿ ರಾಜ್ಯದ ಹಳ್ಳಿಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಅದರ ಒಡಹುಟ್ಟಿದ ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದು, 2014ರ ಜನವರಿಯಲ್ಲಿ ತಯಾರಿಕೆಯಿಂದ ಹೊರಬಿತ್ತು. ಎರಡರಲ್ಲಿಯೂ ಇರುವುದು 796 ಸಿ.ಸಿ. ಸಾಮರ್ಥ್ಯದ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ತಯಾರಿಕೆ ನಿಂತರೂ ಗಾಡಿಗಳು ನಿಂತಿಲ್ಲ. ಎರಡನೆಯ, ಮೂರನೆಯ ಕೈಗೆ ಬಂದ ಈ ವಾಹನಗಳಲ್ಲಿ ಪದೇ ಪದೇ ಕಾಣುವ ಒಂದು ತೊಂದರೆಯೆಂದರೆ, ಎಕ್ಸಿಲರೇಟರ್ ಪೆಡಲಿನಿಂದ ಕಾಲು ತೆಗೆದ ಮೇಲೂ ಎಂಜಿನ್ ಜೋರಾಗಿಯೇ ಓಡುತ್ತಿರುವುದು. ‘ರೇಸ್ ನಿಲ್ಲುತ್ತಿಲ್ಲ’ ಎಂದು ಚಾಲಕರು ಹೇಳುವುದು ಇದನ್ನೇ.

ಇದು ಪೆಟ್ರೋಲ್ ವ್ಯರ್ಥವಾಗುವ ವಿಷಯವಷ್ಟೇ ಅಲ್ಲ. ಚಾರ್ಮಾಡಿ, ಶಿರಾಡಿಯಂಥ ಘಾಟಿಯನ್ನು ಇಳಿಯುವಾಗ ಗಾಡಿಯನ್ನು ಹಿಡಿದಿಡುವ ಕೆಲಸದಲ್ಲಿ ಎಂಜಿನ್ನಿಗೂ ಪಾಲಿದೆ. ಕೆಳಗಿನ ಗೇರಿನಲ್ಲಿ ಕಾಲು ತೆಗೆದಾಗ ಎಂಜಿನ್ ಗಾಡಿಯನ್ನು ಹಿಂದಕ್ಕೆ ಜಗ್ಗಬೇಕು. ಜಗ್ಗುವ ಬದಲು ಅದೇ ಮುಂದಕ್ಕೆ ತಳ್ಳತೊಡಗಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸಂತೆಬೀದಿಯ ಜನಜಂಗುಳಿಯಲ್ಲಿ ಕ್ಲಚ್ ಬಿಟ್ಟ ಕೂಡಲೇ ಗಾಡಿ ಮುನ್ನುಗ್ಗುವುದೂ ಇಷ್ಟೇ ಅಪಾಯಕರ.

ಇಂಥ ದೂರು ಬಂದಾಗ ಬಹಳಷ್ಟು ಕಡೆ ಮೊದಲು ಕೈಹಾಕುವುದು ಐಡ್ಲಿಂಗ್ ತಿರುಪಿಗೆ. ಸ್ಕ್ರೂಡ್ರೈವರ್ ಹಿಡಿದು ಅರ್ಧ ಸುತ್ತು ತಿರುಗಿಸಿ ಸದ್ದು ಇಳಿಸಿ ಕಳುಹಿಸುತ್ತಾರೆ. ವಾರ ಕಳೆಯುವುದರೊಳಗೆ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಲ್ಲುತ್ತದೆ, ಇಲ್ಲವೇ ರೇಸ್ ಮತ್ತೆ ಏರುತ್ತದೆ. ಎಲೆ ಹಳದಿಯಾದೊಡನೆ ಬುಡ ನೋಡದೆ ಯೂರಿಯಾ ಎರಚಿದಂತೆ ಇದು. ತಿರುಪು ತಾನಾಗಿ ತಿರುಗುವ ವಸ್ತುವಲ್ಲ. ನಿನ್ನೆಯವರೆಗೆ ಸರಿಯಿದ್ದ ವೇಗ ಇಂದು ಏರಿದೆಯೆಂದರೆ ಬದಲಾದದ್ದು ಬೇರೇನೋ. ಅದನ್ನು ಹುಡುಕುವ ಮೊದಲು ತಿರುಪನ್ನು ಮುಟ್ಟದಿರುವುದೇ ಲೇಸು.

ತೂಬು ಮತ್ತು ಏರಿ

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿಯಂತ್ರಿಸುವುದು ಅದರೊಳಗೆ ಹೋಗುವ ಗಾಳಿ. ಪೆಡಲ್ ತುಳಿದಾಗ ಪೆಟ್ರೋಲ್ ನೇರವಾಗಿ ಹರಿಯುತ್ತದೆಂದು ಹಲವರು ತಿಳಿದಿದ್ದಾರೆ, ಅದು ಹಾಗಲ್ಲ. ಗಾಳಿ ಹೋಗುವ ಕೊಳವೆಯಲ್ಲಿ ಬಿಲ್ಲೆಯಾಕಾರದ ಒಂದು ಕವಾಟವಿದೆ. ಅದಕ್ಕೆ ಥ್ರಾಟಲ್ ಎನ್ನುತ್ತಾರೆ. ಪೆಡಲ್ ತುಳಿದರೆ ಕೇಬಲ್ ಎಳೆದು ಕವಾಟ ತೆರೆಯುತ್ತದೆ, ಗಾಳಿ ಹೆಚ್ಚು ನುಗ್ಗುತ್ತದೆ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಾರ್ಬುರೇಟರ್ ಒದಗಿಸುತ್ತದೆ. 2000ದ ಆಸುಪಾಸಿನಿಂದ ಈಚಿನ ಗಾಡಿಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಟರುಗಳು ಮಾಡುತ್ತವೆ. ಕಾಲು ತೆಗೆದಾಗ ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಎಂಜಿನ್ ಪೂರ್ತಿ ನಿಂತುಹೋಗದಂತೆ ಸ್ವಲ್ಪ ಗಾಳಿ ಹೋಗಲು ಸಣ್ಣ ದಾರಿಯನ್ನು ಬಿಟ್ಟಿರುತ್ತಾರೆ. ಹಳೆಯ ಗಾಡಿಗಳಲ್ಲಿ ಐಡ್ಲಿಂಗ್ ತಿರುಪು ನಿರ್ಧರಿಸುವುದು ಈ ಸಣ್ಣ ದಾರಿಯ ಅಳತೆಯನ್ನು ಮಾತ್ರ.

ಕೆರೆಯ ತೂಬನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಕಾರಣ ಎರಡರಲ್ಲೊಂದು. ತೂಬಿನ ಬಾಯಿಗೆ ಕಲ್ಲೋ ಕಟ್ಟಿಗೆಯೋ ಸಿಕ್ಕಿ ಅದು ಪೂರ್ತಿ ಮುಚ್ಚಿಲ್ಲ. ಇಲ್ಲವೇ ತೂಬು ಸರಿಯಾಗಿಯೇ ಮುಚ್ಚಿದೆ, ಆದರೆ ಏರಿಯಲ್ಲಿ ಏಡಿ ಕೊರೆದ ಬಿಲದಿಂದ ನೀರು ಸೋರುತ್ತಿದೆ. ಎಂಜಿನ್ನಿನಲ್ಲಿಯೂ ಹಾಗೆಯೇ. ಥ್ರಾಟಲ್ ಕವಾಟ ಪೂರ್ತಿ ಮುಚ್ಚುತ್ತಿಲ್ಲವೇ, ಅಥವಾ ಮುಚ್ಚಿದ ಮೇಲೂ ಬೇರೆ ದಾರಿಯಿಂದ ಗಾಳಿ ಒಳಹೋಗುತ್ತಿದೆಯೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇದನ್ನು ಕಂಡುಕೊಳ್ಳದೆ ಕಾರ್ಬುರೇಟರನ್ನೇ ಬದಲಿಸಿ, ಕೊನೆಗೆ ಒಂದು ಗೇಣು ರಬ್ಬರ್ ಪೈಪಿನಲ್ಲಿ ದೋಷ ಸಿಕ್ಕರೆ ನಷ್ಟ ಮಾಲೀಕನಿಗೆ.

ದೋಷವೋ ಅಲ್ಲವೋ

ಚೆನ್ನಾಗಿ ಬಿಸಿಯಾದ ಸಣ್ಣ ಪೆಟ್ರೋಲ್ ಎಂಜಿನ್ ಪೆಡಲ್ ಮುಟ್ಟದಿರುವಾಗ ನಿಮಿಷಕ್ಕೆ ಸುಮಾರು 750ರಿಂದ 950 ಸುತ್ತು ತಿರುಗಬೇಕು. ನಿಖರವಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿದೆ. ಓಮ್ನಿಯಂಥ ಗಾಡಿಯಲ್ಲಿ ಸುತ್ತು ಎಣಿಸುವ ಮೀಟರ್ ಇರುವುದಿಲ್ಲ. ಆದರೂ ಒಂದು ಗುರುತಿದೆ. ಸಮತಟ್ಟಾದ ಖಾಲಿ ಜಾಗದಲ್ಲಿ ಮೊದಲನೆಯ ಗೇರು ಹಾಕಿ, ಎಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಗಾಡಿ ಮನುಷ್ಯನ ಚುರುಕು ನಡಿಗೆಯ ವೇಗದಲ್ಲಿ ಸಾಗಬೇಕು. ಪಕ್ಕದಲ್ಲಿ ನಡೆಯುವವರು ಓಡಬೇಕಾಗಿ ಬಂದರೆ ಐಡ್ಲಿಂಗ್ ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಜೋರಾಗಿ ಓಡುವುದು ಸಹಜ. ತಣ್ಣಗಿರುವ ಎಂಜಿನ್ ನಿಲ್ಲದಿರಲೆಂದು ವೇಗವನ್ನು ಬೇಕೆಂದೇ ಏರಿಸಿರುತ್ತಾರೆ. ಬಿಸಿಯೇರಿದಂತೆ ಕೆಲವು ನಿಮಿಷಗಳಲ್ಲಿ ಅದು ಇಳಿಯುತ್ತದೆ. ಎ.ಸಿ. ಹಾಕಿದಾಗ ಸ್ವಲ್ಪ ಏರುವುದೂ ದೋಷವಲ್ಲ. ಆದ್ದರಿಂದ ಪರೀಕ್ಷೆಯನ್ನೆಲ್ಲ ಎಂಜಿನ್ ಬಿಸಿಯಾದ ಮೇಲೆ, ಎ.ಸಿ. ಮತ್ತು ದೀಪಗಳನ್ನು ಆರಿಸಿ ಮಾಡತಕ್ಕದ್ದು.

ಚೋಕ್ ಗುಂಡಿ ಇರುವ ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಇನ್ನೊಂದು ಸಂಗತಿಯನ್ನು ಮೊದಲೇ ನೋಡಿಬಿಡಬೇಕು. ಚೋಕ್ ಎಳೆದಾಗ ಅದರ ಜೊತೆಗಿನ ಸಣ್ಣ ಸನ್ನೆಯೊಂದು ಥ್ರಾಟಲನ್ನೂ ಸ್ವಲ್ಪ ತೆರೆದಿಡುತ್ತದೆ. ಗುಂಡಿಯನ್ನು ಒಳಗೆ ಒತ್ತಿದರೂ ಅದರ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಿರುಗದಿದ್ದರೆ ಈ ಸನ್ನೆ ಹಾಗೆಯೇ ನಿಲ್ಲುತ್ತದೆ. ಎಂಜಿನ್ ಜೋರಾಗಿ ಓಡುವುದರ ಜೊತೆಗೆ ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ ಇದ್ದರೆ ಚೋಕನ್ನೇ ಸಂಶಯಿಸಬೇಕು.

ದಾರಿಯಲ್ಲಿ ಪೆಡಲ್ ಸಿಕ್ಕಿಕೊಂಡರೆ

ದೋಷ ಪತ್ತೆಗೆ ಹೋಗುವ ಮೊದಲು, ಓಡುತ್ತಿರುವಾಗಲೇ ಥ್ರಾಟಲ್ ತೆರೆದುಕೊಂಡು ನಿಂತರೆ ಮಾಡಬೇಕಾದುದನ್ನು ಪ್ರತಿಯೊಬ್ಬ ಚಾಲಕನೂ ಅರಿತಿರಬೇಕು. ಕ್ಲಚ್ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಆಗ ಕಿರುಚುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಬ್ರೇಕನ್ನು ಒಂದೇ ಸಮನೆ ಬಲವಾಗಿ ಒತ್ತಿ ಹಿಡಿದು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಆಮೇಲೆ ಕೀಲಿ ತಿರುಗಿಸಿ ಎಂಜಿನ್ ಆರಿಸಬೇಕು.

ಇಲ್ಲಿ ಎರಡು ತಪ್ಪುಗಳು ಆಗುತ್ತವೆ. ಒಂದು, ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವುದು. ಬೂಸ್ಟರ್ ಇರುವ ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವುದು ಎಂಜಿನ್ನಿನ ಹೀರುವ ಬಲ. ಥ್ರಾಟಲ್ ತೆರೆದಿರುವಾಗ ಈ ಬಲ ಕುಗ್ಗಿರುತ್ತದೆ. ಬೂಸ್ಟರಿನಲ್ಲಿ ಉಳಿದಿರುವ ನೆರವು ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದು, ಪೆಡಲ್ ಕಲ್ಲಿನಂತಾಗುತ್ತದೆ. ಇನ್ನೊಂದು, ಗಾಬರಿಯಲ್ಲಿ ಕೀಲಿಯನ್ನೇ ಕಿತ್ತುಬಿಡುವುದು. ಕೀಲಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಹಾಗೆಯೇ ಓಡುತ್ತಿರುವಾಗ ಬಗ್ಗಿ ಪೆಡಲನ್ನು ಕೈಯಿಂದ ಎತ್ತಲು ಹೋಗಕೂಡದು. ಬೂಟಿನ ತುದಿಯನ್ನು ಪೆಡಲಿನ ಅಡಿಗೆ ಕೊಟ್ಟು ಒಮ್ಮೆ ಎತ್ತಿ ನೋಡಬಹುದು, ಅಷ್ಟೆ.

ಮೊದಲ ಪರೀಕ್ಷೆ: ಸನ್ನೆ ಹಿಂದಿರುಗುತ್ತಿದೆಯೇ?

ಎಂಜಿನ್ ಆರಿಸಿ ಮುಚ್ಚಳ ತೆಗೆಯಬೇಕು. ಓಮ್ನಿಯಲ್ಲಾದರೆ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಕಾರ್ಬುರೇಟರಿನ ಅಥವಾ ಥ್ರಾಟಲ್ ಬಾಡಿಯ ಪಕ್ಕದಲ್ಲಿ ಕೇಬಲ್ ಬಂದು ಸೇರುವ ಸನ್ನೆಯೊಂದು ಕಾಣುತ್ತದೆ. ಒಬ್ಬರು ಪೆಡಲನ್ನು ತಳಮುಟ್ಟ ತುಳಿದು ಮೆಲ್ಲನೆ ಬಿಡಬೇಕು, ಇನ್ನೊಬ್ಬರು ಸನ್ನೆಯನ್ನೇ ನೋಡುತ್ತಿರಬೇಕು. ಸನ್ನೆ ಸರಾಗವಾಗಿ ಹಿಂದಿರುಗಿ, ತನ್ನ ತಡೆಗೆ ‘ಟಕ್’ ಎಂದು ಬಡಿದು ನಿಲ್ಲಬೇಕು. ನಿಂತ ಮೇಲೆ ಬೆರಳಿನಿಂದ ಮುಚ್ಚುವ ದಿಕ್ಕಿಗೆ ಒತ್ತಿ ನೋಡಿ. ಇನ್ನೂ ಕೂದಲೆಳೆಯಷ್ಟು ಸರಿದರೂ ಕವಾಟ ಪೂರ್ತಿ ಮುಚ್ಚುತ್ತಿರಲಿಲ್ಲ ಎಂದರ್ಥ. ಇದೇ ಪರೀಕ್ಷೆಯನ್ನು ಎಂಜಿನ್ ಬಿಸಿಯಿದ್ದಾಗಲೂ ತಣ್ಣಗಿದ್ದಾಗಲೂ ಮಾಡುವುದು ಒಳ್ಳೆಯದು. ಕೆಲವು ಕೇಬಲುಗಳು ಒಂದು ಸ್ಥಿತಿಯಲ್ಲಿ ಮಾತ್ರ ಹಿಡಿಯುತ್ತವೆ.

ಸನ್ನೆ ಹಿಂದಿರುಗದಿದ್ದರೆ ದೋಷ ಮೂರು ಕಡೆಗಳಲ್ಲಿ ಎಲ್ಲಿಯಾದರೂ ಇರಬಹುದು: ಪೆಡಲಿನಲ್ಲಿ, ಕೇಬಲಿನಲ್ಲಿ, ಕವಾಟದ ಕಡ್ಡಿಯಲ್ಲಿ. ಇವನ್ನು ಬೇರ್ಪಡಿಸುವುದು ಸುಲಭ. ಕೇಬಲಿನ ತುದಿಯನ್ನು ಸನ್ನೆಯಿಂದ ಕಳಚಿ, ಸನ್ನೆಯನ್ನು ಕೈಯಿಂದಲೇ ತೆರೆದು ಬಿಡಬೇಕು. ಆಗ ಅದು ಚಟ್ಟನೆ ಮುಚ್ಚಿಕೊಂಡರೆ ಕಾರ್ಬುರೇಟರ್ ನಿರ್ದೋಷಿ. ತಪ್ಪು ಕೇಬಲಿನದು ಅಥವಾ ಪೆಡಲಿನದು. ಕೇಬಲ್ ಕಳಚಿದ ಮೇಲೂ ಸನ್ನೆ ಸೋಮಾರಿಯಂತೆ ಚಲಿಸಿದರೆ ದೋಷ ಅಲ್ಲಿಯೇ ಇದೆ.

ಪೆಡಲಿನ ಸುತ್ತಮುತ್ತ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಅಪಾಯದ ಕಾರಣ ಇರುವುದು ಚಾಲಕನ ಕಾಲಡಿಯಲ್ಲಿ. ಮಳೆಗಾಲದ ಕೆಸರಿಗೆಂದು ರಬ್ಬರ್ ಹಾಸಿನ ಮೇಲೊಂದು ಗೋಣಿಚೀಲ, ಅದರ ಮೇಲೆ ನಾರಿನ ಹಾಸು ಹಾಕುವ ರೂಢಿ ಬಹಳ ಕಡೆ ಇದೆ. ಈ ಪದರಗಳು ಜರುಗಿ ಮುಂದಕ್ಕೆ ಹೋಗಿ ಪೆಡಲಿನ ಮೇಲೆ ಮಡಚಿಕೊಳ್ಳುತ್ತವೆ. ಹುಲ್ಲಿನ ಎಳೆ, ಮಣ್ಣಿನ ಹೆಂಟೆ, ಬಿದ್ದ ಅಡಿಕೆ, ನೀರಿನ ಬಾಟಲಿ ಇವೂ ಪೆಡಲಿನ ಕೀಲಿಗೆ ಸಿಕ್ಕಿಕೊಳ್ಳುತ್ತವೆ.

ನೆಲಹಾಸಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವರು ಅಮೆರಿಕಾದಲ್ಲಿ ನಡೆದದ್ದನ್ನು ತಿಳಿದಿರಬೇಕು. 2009ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೋ ಬಳಿ ಲೆಕ್ಸಸ್ ಕಾರೊಂದು ವೇಗ ತಗ್ಗದೆ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಬೇರೆ ಮಾದರಿಯ ಗಾಡಿಗೆ ಸೇರಿದ್ದ ದಪ್ಪ ರಬ್ಬರ್ ಹಾಸಿನ ಕೆಳಗೆ ಪೆಡಲ್ ಸಿಕ್ಕಿಕೊಂಡಿತ್ತೆಂದು ತನಿಖೆ ಹೇಳಿತು. ಅದೇ ವರ್ಷ ಟೊಯೋಟ ಕಂಪನಿ ನೆಲಹಾಸಿನ ಕಾರಣಕ್ಕೆ ಅಲ್ಲಿನ ಸುಮಾರು 38 ಲಕ್ಷ ವಾಹನಗಳಿಗೆ ಎಚ್ಚರಿಕೆ ನೀಡಿ ದುರಸ್ತಿಗೆ ಕರೆಯಿತು. 2010ರ ಜನವರಿಯಲ್ಲಿ ಪೆಡಲ್ ಬಿಗಿಯಾಗಿ ನಿಧಾನಕ್ಕೆ ಹಿಂದಿರುಗುವ ದೋಷಕ್ಕಾಗಿ ಇನ್ನೂ ಸುಮಾರು 23 ಲಕ್ಷ ವಾಹನಗಳನ್ನು ಕರೆಯಿತು. ವಿದ್ಯುನ್ಮಾನ ಭಾಗಗಳಲ್ಲಿ ದೋಷವಿದೆಯೇ ಎಂದು ನಾಸಾ ಸಂಸ್ಥೆಯ ಎಂಜಿನಿಯರುಗಳೂ ತಿಂಗಳುಗಟ್ಟಲೆ ಹುಡುಕಿದರು. 2011ರ ಫೆಬ್ರವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಅಂಥದ್ದು ಸಿಗಲಿಲ್ಲ. ಖಚಿತವಾದ ಎರಡು ಯಾಂತ್ರಿಕ ಕಾರಣಗಳು ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲ್. ಅಷ್ಟು ದೊಡ್ಡ ತನಿಖೆ ಕೊನೆಗೆ ಬಂದು ನಿಂತದ್ದೂ ಕಾಲಡಿಗೇ. ಆದ್ದರಿಂದ ಒಂದೇ ಹಾಸು, ಆ ಗಾಡಿಗೆ ಒಪ್ಪುವ ಅಳತೆಯದು, ಜರುಗದಂತೆ ಕೊಕ್ಕೆಯಿರುವುದು ಸಾಕು. ಗೋಣಿಚೀಲ ಹಿಂದಿನ ಸಾಮಾನಿನ ಜಾಗಕ್ಕೆ ಹೋಗಲಿ.

ಕೇಬಲ್

ಕೇಬಲಿನ ಒಳತಂತಿ ಹೊರಕವಚದೊಳಗೆ ಜಾರುತ್ತಿರುತ್ತದೆ. ಧೂಳು, ನೀರು ಒಳಸೇರಿದರೆ ತುಕ್ಕು ಹಿಡಿಯುತ್ತದೆ. ಎಳೆಗಳು ಒಂದೊಂದಾಗಿ ತುಂಡಾಗಿ ಮುಳ್ಳಿನಂತೆ ನಿಂತು ಕವಚಕ್ಕೆ ಸಿಕ್ಕಿಕೊಳ್ಳುತ್ತವೆ. ಎರಡೂ ತುದಿಗಳನ್ನು ಕಳಚಿ ಒಳತಂತಿಯನ್ನು ಕೈಯಿಂದ ಎಳೆದಾಡಿದರೆ ತಿಳಿಯುತ್ತದೆ. ಗರಗರ ಎಂದು ತಡೆದರೆ, ಒಂದು ಎಳೆ ಕಿತ್ತಿರುವುದು ಕಂಡರೂ ಕೇಬಲ್ ಬದಲಿಸಬೇಕು. ಕಿತ್ತ ಎಳೆಯನ್ನು ಕತ್ತರಿಸಿ ಹಾಗೆಯೇ ಓಡಿಸುವುದು ದುಬಾರಿ ಉಳಿತಾಯ.

ಇಲ್ಲಿ ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಕೈಗೆ ಸಿಗುವುದು ಅದೇ ಆದ್ದರಿಂದ ಬೀಗದಿಂದ ಹಿಡಿದು ಕಾರಿನ ಕೇಬಲಿನವರೆಗೆ ಎಲ್ಲಕ್ಕೂ ತೆಂಗಿನೆಣ್ಣೆ ಬಿಡುತ್ತಾರೆ. ಅದು ಸುಮಾರು 24-25 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾಗಿಯ ಬೆಳಿಗ್ಗೆ ಕೊಡಗು, ಚಿಕ್ಕಮಗಳೂರಿನ ಕಡೆ ಬಾಟಲಿಯಲ್ಲಿ ಬಿಳಿಯ ಗಡ್ಡೆಯಾಗಿ ನಿಂತ ಎಣ್ಣೆ ಕೇಬಲಿನೊಳಗೆ ಮಾತ್ರ ಹರಿಯುತ್ತಿರುತ್ತದೆಯೇ? ಮೇಲಾಗಿ ಅದು ದಿನ ಕಳೆದಂತೆ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಪೆಡಲ್ ಬಿಗಿ, ಮಧ್ಯಾಹ್ನ ಸರಾಗ ಎಂಬ ದೂರಿನ ಹಿಂದೆ ಹಲವೊಮ್ಮೆ ಇದೇ ಇರುತ್ತದೆ. ತೆಳುವಾದ ಯಂತ್ರದ ಎಣ್ಣೆಯ ಕೆಲವು ಹನಿ ಸಾಕು. ಒಳಗೆ ನೈಲಾನ್ ಪದರವಿರುವ ಈಚಿನ ಕೇಬಲುಗಳಿಗೆ ಅದೂ ಬೇಕಿಲ್ಲ.

ಕೇಬಲ್ ಸಡಿಲವೂ ಇರಬಾರದು, ಬಿಗಿಯೂ ಇರಬಾರದು. ಪೆಡಲ್ ಬಿಟ್ಟಾಗ ತಂತಿಯಲ್ಲಿ ಕೈಪಿಡಿ ಹೇಳುವ ಕೆಲವು ಮಿ.ಮೀ. ಸಡಿಲ ಉಳಿದಿರಬೇಕು. ‘ಪಿಕಪ್ ಚೆನ್ನಾಗಿ ಬರಲಿ’ ಎಂದು ನಟ್ಟು ಬಿಗಿದು ತಂತಿಯನ್ನು ಸೆಳೆದಿಟ್ಟರೆ ಕವಾಟ ಎಂದೂ ಮುಚ್ಚುವುದಿಲ್ಲ. ಎಂಜಿನ್ ಕೂರುವ ರಬ್ಬರ್ ಕಟ್ಟುಗಳು ಒಡೆದಿದ್ದರೂ ಇದೇ ಫಲ: ಎಂಜಿನ್ ಓಲಾಡಿದಾಗಲೆಲ್ಲ ಕೇಬಲ್ ತಾನಾಗಿ ಸೆಳೆಯುತ್ತದೆ. ಕ್ಲಚ್ ಬಿಡುವಾಗ ಮಾತ್ರ ರೇಸ್ ಏರುವ ಗಾಡಿಯಲ್ಲಿ ಈ ಕಟ್ಟುಗಳನ್ನು ನೋಡಬೇಕು.

ಕವಾಟದ ಕಡ್ಡಿ ಮತ್ತು ಸ್ಪ್ರಿಂಗು

ಕೇಬಲ್ ಕಳಚಿದರೂ ಸನ್ನೆ ನಿಧಾನವಾದರೆ ಕವಾಟದ ಕಡ್ಡಿಯ ಸುತ್ತ ಅಂಟು ಕಟ್ಟಿದೆ, ಅಥವಾ ಸ್ಪ್ರಿಂಗು ಸೋತಿದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಯ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಅರಗಿನಂಥ ಪದಾರ್ಥ ಉಳಿಯುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ನಿನಿಂದ ಬರುವ ಎಣ್ಣೆಯ ಆವಿ ಥ್ರಾಟಲಿನ ಅಂಚಿನಲ್ಲಿ ಕಪ್ಪು ಮಸಿಯಾಗಿ ಕೂರುತ್ತದೆ. ಕಾರ್ಬುರೇಟರ್ ತೊಳೆಯುವ ಸ್ಪ್ರೇ ದ್ರವವನ್ನು ಬಟ್ಟೆಗೆ ಹಾಕಿ, ತಣ್ಣಗಿನ ಎಂಜಿನ್ನಿನಲ್ಲಿ, ಬೆಂಕಿ ಬೀಡಿಗಳಿಂದ ದೂರ ಒರೆಸಬೇಕು. ಉಜ್ಜುಕಾಗದ ಬಳಸಕೂಡದು. ಸೋತ ಸ್ಪ್ರಿಂಗಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಕೆಲಸ ಸಾಗಿಸಿದ ಗಾಡಿಗಳುಂಟು. ಎಂಜಿನ್ನಿನ ಕಾವಿಗೆ ಅದು ಎಷ್ಟು ದಿನ ಬಾಳೀತೆಂದು ಬಿಡಿಸಿ ಹೇಳಬೇಕಿಲ್ಲ.

ಸನ್ನೆ ಸರಿ, ಆದರೂ ವೇಗ ಹೆಚ್ಚು

ಈಗ ಏರಿಯ ಬಿಲ ಹುಡುಕುವ ಕೆಲಸ. ಥ್ರಾಟಲಿನಿಂದ ಮುಂದಕ್ಕೆ ಎಂಜಿನ್ನಿನವರೆಗಿನ ಕೊಳವೆಯಲ್ಲಿ ಯಾವಾಗಲೂ ಹೀರುವ ಬಲವಿರುತ್ತದೆ. ಅಲ್ಲಿಂದ ಹಲವು ಸಣ್ಣ ರಬ್ಬರ್ ಪೈಪುಗಳು ಹೊರಟಿರುತ್ತವೆ: ಡಿಸ್ಟ್ರಿಬ್ಯೂಟರಿಗೊಂದು, ಬ್ರೇಕ್ ಬೂಸ್ಟರಿಗೊಂದು, ಎಂಜಿನ್ನಿನ ಹೊಗೆ ಹೀರಲು ಒಂದು, ಎ.ಸಿ. ಇದ್ದರೆ ಮತ್ತೊಂದು. ಇವುಗಳಲ್ಲಿ ಯಾವುದು ಸೀಳಿದರೂ, ಕಳಚಿದರೂ ಗಾಳಿ ಕಳ್ಳದಾರಿಯಿಂದ ನುಗ್ಗುತ್ತದೆ. ಹಳ್ಳಿಯ ಕೊಟ್ಟಿಗೆಯಲ್ಲಿ, ಮೇವಿನ ಬಣವೆಯ ಪಕ್ಕದಲ್ಲಿ ನಿಲ್ಲುವ ಗಾಡಿಗೆ ಇಲಿಯ ಕಾಟ ಹೆಚ್ಚು. ಬೆಚ್ಚಗಿನ ಎಂಜಿನ್ನಿನ ಮೇಲೆ ರಾತ್ರಿ ಮಲಗುವ ಇಲಿ ಬೆಳಗಾಗುವುದರೊಳಗೆ ಪೈಪನ್ನು ಕಡಿದಿರುತ್ತದೆ. ನಿನ್ನೆ ಸರಿಯಿದ್ದು ಇಂದು ಬೆಳಿಗ್ಗೆ ಏಕಾಏಕಿ ವೇಗ ಏರಿದ ಗಾಡಿಯಲ್ಲಿ ಹಿಕ್ಕೆ, ಹುಲ್ಲಿನ ಚೂರು ಇದೆಯೇ ಎಂದು ಮೊದಲು ನೋಡುವುದು ಜಾಣತನ.

ಸೋರಿಕೆ ಇದೆಯೋ ಇಲ್ಲವೋ ಎಂದು ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಗಾಳಿ ಒಳಹೋಗುವ ಬಾಯಿಯನ್ನು ಚಪ್ಪಟೆಯಾದ ಹಲಗೆಯ ತುಂಡಿನಿಂದ ಪೂರ್ತಿ ಮುಚ್ಚಬೇಕು. ಬಟ್ಟೆಯಿಂದ ಮುಚ್ಚಿದರೆ ಒಳಗೆ ಸೆಳೆದುಕೊಂಡೀತು. ಎಂಜಿನ್ ಹಿಂದಕ್ಕೆ ಸಿಡಿದರೆ ಕೈ ಸುಟ್ಟೀತು. ಎಂಜಿನ್ ಮುಗ್ಗರಿಸಿ ನಿಂತುಹೋದರೆ ಗಾಳಿಯೆಲ್ಲ ಸರಿಯಾದ ಬಾಗಿಲಿನಿಂದಲೇ ಬರುತ್ತಿತ್ತು. ಬಾಯಿ ಮುಚ್ಚಿದ ಮೇಲೂ ಓಡುತ್ತಲೇ ಇದ್ದರೆ ಅದಕ್ಕೆ ಬೇರೆ ಕಡೆಯಿಂದ ಉಸಿರು ಸಿಗುತ್ತಿದೆ.

ಹಾಗೆ ಕಂಡುಬಂದರೆ ಒಂದೊಂದೇ ಪೈಪನ್ನು, ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕುತ್ತ ಹೋಗಬೇಕು. ಯಾವುದನ್ನು ಹಿಸುಕಿದಾಗ ಸದ್ದು ಇಳಿಯುವುದೋ ಆ ದಾರಿಯಲ್ಲಿ ಸೋರಿಕೆ. ‘ಸುಯ್’ ಎಂಬ ಸದ್ದಿಗೂ ಕಿವಿಗೊಡಬೇಕು. ಬೂಸ್ಟರಿನ ಪೈಪು ಸೋರುತ್ತಿದ್ದರೆ ಬ್ರೇಕ್ ಪೆಡಲೂ ಗಡುಸಾಗಿರುತ್ತದೆ; ಆ ಗಾಡಿಯನ್ನು ದುರಸ್ತಿಯಾಗದೆ ರಸ್ತೆಗೆ ತರಬಾರದು. ಪೈಪುಗಳೆಲ್ಲ ಸರಿಯಿದ್ದರೆ ಕಾರ್ಬುರೇಟರಿನ ಬುಡದ ಮತ್ತು ಮ್ಯಾನಿಫೋಲ್ಡಿನ ಪ್ಯಾಕಿಂಗ್ ನೋಡಬೇಕು. ಶುದ್ಧ ನೀರು ತುಂಬಿದ ಸಣ್ಣ ಕೈಸಿಂಪಡಕದಿಂದ ಆ ಜೋಡಣೆಯ ಮೇಲೆ ಮಂಜಿನಂತೆ ಸಿಂಪಡಿಸಿದರೆ, ಸೀಳಿದ್ದ ಕಡೆ ನೀರು ಒಳಸೆಳೆದು ಎಂಜಿನ್ನಿನ ಸದ್ದು ಕ್ಷಣಕಾಲ ಬದಲಾಗುತ್ತದೆ. ಪ್ಲಗ್ಗಿನ ವಯರು, ಡಿಸ್ಟ್ರಿಬ್ಯೂಟರ್ ಮತ್ತು ಕಾದ ಸೈಲೆನ್ಸರ್ ಕೊಳವೆಗೆ ನೀರು ತಾಗದಿರಲಿ. ನೀರಿನ ಬದಲು ಪೆಟ್ರೋಲ್ ಎರಚಿ ನೋಡುವ ಪದ್ಧತಿಯೂ ಕೆಲವರಲ್ಲಿದೆ. ಅದು ಕೊಟ್ಟಿಗೆಗೆ ಬೆಂಕಿಯಿಡುವ ಪದ್ಧತಿ. ಕಳೆನಾಶಕ ಹಾಕಿದ ಸಿಂಪಡಕವನ್ನು ಸೀಟಿನ ಕೆಳಗೆ ಬಳಸುವುದೂ ಬೇಡ.

ರಬ್ಬರಿನ ಬಗ್ಗೆ ಇನ್ನೊಂದು ಸಂಗತಿ. ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ತಯಾರಾಗುವ ಎಥನಾಲನ್ನು ಪೆಟ್ರೋಲಿಗೆ ಶೇಕಡಾ 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಬೆಳೆಗಾರನಿಗೆ ಅದರಿಂದ ಮಾರುಕಟ್ಟೆ ದೊರೆತಿದೆ. ಆದರೆ ಅವನ ಹಳೆಯ ಗಾಡಿಯ ರಬ್ಬರ್ ಭಾಗಗಳು ಈ ಇಂಧನಕ್ಕಾಗಿ ಮಾಡಿದವಲ್ಲ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಇಪ್ಪತ್ತು ವರ್ಷದ ಗಾಡಿಯಲ್ಲಿ ಒಂದು ಪೈಪು ಸೀಳಿದೆಯೆಂದರೆ ಅದರ ಜೊತೆಯವೂ ಅದೇ ವಯಸ್ಸಿನವು. ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಮೇಲು. ಇಂಧನದ ಪೈಪುಗಳನ್ನಂತೂ ತಪ್ಪದೆ.

ಇಂಜೆಕ್ಷನ್ ಗಾಡಿಗಳಲ್ಲಿ

ಕಂಪ್ಯೂಟರ್ ನಿಯಂತ್ರಣದ ಗಾಡಿಗಳಲ್ಲಿ ಐಡ್ಲಿಂಗ್ ಗಾಳಿಗೆ ಪ್ರತ್ಯೇಕ ವಿದ್ಯುತ್ ಕವಾಟವಿರುತ್ತದೆ. ಮಸಿ ಕಟ್ಟಿ ಅದು ತೆರೆದೇ ನಿಂತರೆ ವೇಗ ಏರುತ್ತದೆ. ಶುಚಿ ಮಾಡಿದರೆ ಹೆಚ್ಚಿನ ವೇಳೆ ಸರಿಹೋಗುತ್ತದೆ.

ಇನ್ನೊಂದು ಕಾರಣ ಸ್ವತಃ ಮಾಡಿಕೊಂಡದ್ದು. ಎಂಜಿನ್ ಕಾಯುತ್ತದೆಂದು ರೇಡಿಯೇಟರ್ ದಾರಿಯ ಥರ್ಮೋಸ್ಟ್ಯಾಟ್ ವಾಲ್ವನ್ನು ಕಿತ್ತು ಎಸೆಯುವ ಅಭ್ಯಾಸ ಅನೇಕ ಗ್ಯಾರೇಜುಗಳಲ್ಲಿದೆ. ವಾಲ್ವ್ ಇಲ್ಲದ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಅದು ಇನ್ನೂ ತಣ್ಣಗಿದೆಯೆಂದು ಕಂಪ್ಯೂಟರ್ ವೇಗವನ್ನು ಏರಿಸಿಯೇ ಇಡುತ್ತದೆ, ಪೆಟ್ರೋಲನ್ನೂ ಹೆಚ್ಚು ಸುರಿಯುತ್ತದೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಉಷ್ಣತೆ ಅಳೆಯುವ ಸೆನ್ಸರ್ ಒಣಗಿ ನಿಂತಾಗಲೂ ಇದೇ ತಪ್ಪು ಲೆಕ್ಕ. ಎರಡನ್ನೂ ನೋಡಿದ ಮೇಲೆ ಮಿಕ್ಕ ಸೆನ್ಸರುಗಳ ವಿಚಾರಕ್ಕೆ ಹೋಗಬೇಕು, ಅದಕ್ಕೆ ಸ್ಕ್ಯಾನರ್ ಉಪಕರಣವಿರುವ ಗ್ಯಾರೇಜೇ ಬೇಕು. ಕೇಬಲ್ ಇಲ್ಲದೆ ಮೋಟಾರಿನಿಂದ ತಿರುಗುವ ಥ್ರಾಟಲ್ ಇರುವ ಹೊಸ ಕಾರುಗಳಲ್ಲಿ ಕವಾಟವನ್ನು ಬೆರಳಿನಿಂದ ತಳ್ಳಿ ನೋಡಕೂಡದು, ಒಳಗಿನ ಹಲ್ಲುಗಳು ಹಾಳಾಗುತ್ತವೆ.

ಡೀಸೆಲ್ ಎಂಜಿನ್ನಿಗೆ ಈ ಲೇಖನದ ಕ್ರಮ ಅನ್ವಯಿಸುವುದಿಲ್ಲ. ಟ್ರ್ಯಾಕ್ಟರ್, ಹಳೆಯ ಜೀಪುಗಳಲ್ಲಿ ವೇಗವನ್ನು ನಿಯಂತ್ರಿಸುವುದು ಗಾಳಿಯಲ್ಲ, ಪಂಪಿನಿಂದ ಬರುವ ಡೀಸೆಲ್. ಅಲ್ಲಿ ನೋಡಬೇಕಾದದ್ದು ಗವರ್ನರ್ ಮತ್ತು ಪಂಪಿನ ಸನ್ನೆ. ಪೆಡಲಿನ ಮತ್ತು ಕೇಬಲಿನ ಮಾತು ಮಾತ್ರ ಎರಡಕ್ಕೂ ಒಂದೇ.

ಕೊನೆಯಲ್ಲಿ ತಿರುಪು

ಪೆಡಲ್, ಕೇಬಲ್, ಕವಾಟ, ಪೈಪು, ಚೋಕ್ ಇಷ್ಟೂ ಸರಿಯೆಂದು ಖಚಿತವಾದ ಮೇಲೆ ಐಡ್ಲಿಂಗ್ ತಿರುಪಿನ ಸರದಿ. ಹಿಂದೆ ಯಾರಾದರೂ ಅದನ್ನು ತಿರುಗಿಸಿದ್ದರೆ ದೋಷ ನಿವಾರಣೆಯಾದ ಕೂಡಲೇ ಎಂಜಿನ್ ತೀರ ನಿಧಾನವಾಗಿ ನಿಂತುಹೋಗಬಹುದು. ಅದು ಒಳ್ಳೆಯ ಸೂಚನೆಯೇ. ಬಿಸಿಯಾದ ಎಂಜಿನ್ನಿನಲ್ಲಿ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸುತ್ತ, ಪ್ರತಿ ಸಲವೂ ಸ್ವಲ್ಪ ಕಾದು, ಕೈಪಿಡಿಯ ಅಂಕಿಗೆ ತರಬೇಕು. ತಿರುಗಿಸುವ ಮೊದಲು ತಿರುಪು ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಟ್ಟರೆ ಹಿಂದಿರುಗಲು ದಾರಿ ಉಳಿಯುತ್ತದೆ. ಪಕ್ಕದಲ್ಲಿರುವ ಮಿಶ್ರಣದ ತಿರುಪನ್ನು ಮೀಟರ್ ಇಲ್ಲದೆ ಮುಟ್ಟುವುದು ಬೇಡ.

ಸರಿಪಡಿಸಿದ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ತಂದು, ಕೀಲಿ ತಿರುಗಿಸಿ ಆರಿಸಬೇಕು. ಕಾರ್ಬುರೇಟರ್ ಗಾಡಿ ಕೀಲಿ ತೆಗೆದ ಮೇಲೂ ಗಡಗಡ ಎಂದು ಒಂದೆರಡು ಕ್ಷಣ ಓಡಿ ನಿಂತರೆ ವೇಗ ಇನ್ನೂ ಹೆಚ್ಚಿದೆ ಎಂದು ಸಂಶಯಿಸಬೇಕು. ತೆರೆದ ಥ್ರಾಟಲಿನಿಂದ ಬಂದ ಮಿಶ್ರಣ ಕಾದ ಸಿಲಿಂಡರಿನಲ್ಲಿ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ಆಗ ಮತ್ತೊಮ್ಮೆ ಸನ್ನೆಯ ಬಳಿಗೆ ಹೋಗಿ, ಅದು ತಡೆಗೆ ತಾಗಿ ನಿಂತಿದೆಯೇ ಎಂದು ನೋಡುವುದರಿಂದ ಮೊದಲುಮಾಡಬೇಕು.